ಪಾರ್ಟಿ ಬೇರೆ, ಕರ್ತನ ಮೇಜು ಒಂದೇ: ರಾಜಕೀಯ ಜಗಳದ ನಡುವೆ ಪ್ರೀತಿಸುವುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ವರ್ಷಗಳಿಂದ ನಮ್ಮ ಸಭೆಯಲ್ಲಿ ಸತ್ಯವೇದ ಪಾಠ ನಡೆಸುತ್ತಿದ್ದೇನೆ. ಚುನಾವಣೆ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಎದ್ದು ಬರುತ್ತವೆ. ಆರಾಧನೆ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬರು ಕೇಳುತ್ತಾರೆ. ಮನೆ ಕೂಟದಲ್ಲಿ ಕಾಫಿ ಕೊಡುತ್ತಾ ಇನ್ನೊಬ್ಬರು ಕೇಳುತ್ತಾರೆ. ಕೆಲವರು ಪತ್ರ ಬರೆಯುತ್ತಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಯಾವ ಪಾರ್ಟಿ ಒಳ್ಳೇದು ಅಂತ ಇಲ್ಲಿ ಹೇಳಿಲ್ಲ. ನಮ್ಮ ಪಕ್ಕದಲ್ಲೇ ಕೂತು ಹಾಡುವವರು ಬೇರೆ ಕಡೆ ವೋಟು ಹಾಕಿದಾಗ ನಾವು ಅವರನ್ನು ಹೇಗೆ ನೋಡುತ್ತೇವೆ ಅನ್ನೋದಷ್ಟೇ ವಿಷಯ.

## ಮೊದಲ ಪ್ರಶ್ನೆಗಳು

"ತೀರ್ಪು ಮಾಡಬೇಡಿ ಅಂತ ಯೇಸು ಸ್ವಾಮಿ ಹೇಳಿದ್ದಾರಲ್ಲ. ಹಾಗಾದ್ರೆ ನಮಗೆ ರಾಜಕೀಯ ಅಭಿಪ್ರಾಯವೇ ಇರಬಾರದಾ?"

ಇರಬಹುದು. ಆ ಮಾತು ಬರುವುದು ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಬನ್ನಿ. ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರವಾಗಿರಿ, ಫಲ ನೋಡಿ ಮರ ಗುರುತಿಸಿ ಅಂತ ಇದೆ. ಒಳ್ಳೇದು ಕೆಟ್ಟದ್ದನ್ನು ತೂಗಿ ನೋಡದೆ ಫಲ ಗುರುತಿಸಲು ಆಗುತ್ತದಾ? ಒಂದು ಯೋಜನೆ, ಒಂದು ಕಾನೂನು, ಒಬ್ಬ ನಾಯಕನ ಕೆಲಸ, ಇವುಗಳನ್ನು ಅಳೆಯಬೇಕು, ಬೇಡ ಅನ್ನಿಸಿದರೆ ಬೇಡ ಅನ್ನಬೇಕು. ಯೇಸು ಸ್ವಾಮಿ ತಡೆದದ್ದು ಒಬ್ಬ ಮನುಷ್ಯನ ಮೇಲೆ 'ಇವನು ಇಷ್ಟೇ' ಅಂತ ಷರಾ ಬರೆದು ಮುಗಿಸಿಬಿಡುವುದನ್ನು.

ರವೆ, ತೊಲೆಯ ಮಾತನ್ನೂ ಕೊನೆವರೆಗೆ ಓದಬೇಕು. ನಿನ್ನ ಕಣ್ಣಿನ ತೊಲೆ ತೆಗೆದುಕೋ, ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯೋಕೆ ಚೆನ್ನಾಗಿ ಕಾಣುತ್ತದೆ ಅಂತ ಮುಗಿಯುತ್ತದೆ. ರವೆ ಅಲ್ಲೇ ಇರಲಿ ಅಂದಿಲ್ಲ. ಕಣ್ಣಿಗೆ ಬಿದ್ದ ಕಸ ತೆಗೆದವರಿಗೆ ಗೊತ್ತಿರುತ್ತದೆ. ತೀರಾ ಹತ್ತಿರ ಹೋಗಬೇಕು. ರೆಪ್ಪೆಯನ್ನು ಮೆಲ್ಲಗೆ ಎತ್ತಬೇಕು. ಸೆರಗಿನ ತುದಿ ಒದ್ದೆ ಮಾಡಿ ಒತ್ತಬೇಕು. ಕಣ್ಣು ಕೊಟ್ಟವನಿಗೆ ನಿಮ್ಮ ಕೈ ಮೇಲೆ ನಂಬಿಕೆ ಇರಬೇಕು. ದೂರ ನಿಂತು ಕೂಗಿದರೆ ಕಸ ಬರುವುದಿಲ್ಲ.

"ನಾವು ಪರಲೋಕ ಸಂಸ್ಥಾನದವರು. ಈ ರಾಜಕೀಯ ನಮಗ್ಯಾಕೆ?"

ಆ ಮಾತನ್ನು ಅಪೊಸ್ತಲ ಪೌಲ ಬರೆದದ್ದು ಫಿಲಿಪ್ಪಿ ಊರಿನ ಸಭೆಯವರಿಗೆ. ಅದೇ ಊರಲ್ಲಿ ಅವನನ್ನೂ ಜೊತೆಗಾರ ಸೀಲನನ್ನೂ ವಿಚಾರಣೆ ಇಲ್ಲದೆ ಹೊಡೆದು ಜೈಲಿಗೆ ಹಾಕಿದ್ದರು. ಬೆಳಗಾದ ಮೇಲೆ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡೋಣ ಅಂತ ನೋಡಿದರು. ಪೌಲ ಒಪ್ಪಲಿಲ್ಲ. ನಾವು ರೋಮ್ ಪೌರರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಅಂದ. ಪರಲೋಕದವನು ಅನ್ನುವ ನಂಬಿಕೆ, ಊರಿನ ಹಕ್ಕು ಕೇಳುವ ಧೈರ್ಯ, ಎರಡೂ ಒಬ್ಬನಲ್ಲೇ ಇತ್ತು.

ನಮ್ಮ ದೇಶದಲ್ಲೂ ಹಿರಿಯರು ದೂರ ನಿಲ್ಲಲಿಲ್ಲ. ಮಂಗಳೂರಲ್ಲಿ ಹುಟ್ಟಿದ ಜೆಸುಯಿಟ್ ಪಾದ್ರಿ ಜೆರೋಮ್ ಡಿಸೋಜ ಸಂವಿಧಾನ ಸಭೆಯ ಸದಸ್ಯರಾಗಿದ್ದರು. ಬಂಗಾಳದ ಕ್ರೈಸ್ತರಾದ ಎಚ್.ಸಿ. ಮುಖರ್ಜಿ ಆ ಸಭೆಯ ಉಪಾಧ್ಯಕ್ಷರಾಗಿದ್ದರು. ಇವತ್ತು ನಾವು ಭಾನುವಾರ ಬಾಗಿಲು ತೆಗೆದು ಆರಾಧನೆ ಮಾಡುವ ಹಕ್ಕು ಆ ಸಂವಿಧಾನದ 25ನೇ ವಿಧಿಯಲ್ಲಿದೆ. ಯಾರೋ ಕೂತು, ವಾದ ಮಾಡಿ, ಬರೆದು ಕೊಟ್ಟದ್ದು ಅದು.

"ನಿಜವಾದ ಕ್ರೈಸ್ತ ಆದವನು ಆ ಪಾರ್ಟಿಗೆ ಹೇಗೆ ವೋಟು ಹಾಕ್ತಾನೆ ಹೇಳಿ?"

ಈ ಪ್ರಶ್ನೆಯನ್ನು ಎಲ್ಲ ಪಾರ್ಟಿಗಳ ಬಗ್ಗೆಯೂ ನನಗೆ ಕೇಳಿದ್ದಾರೆ. ಅದನ್ನು ಗಮನಿಸಿ.

ಹನ್ನೆರಡು ಮಂದಿ ಶಿಷ್ಯರ ಪಟ್ಟಿ ನೋಡಿ. ಅದರಲ್ಲಿ ಸುಂಕದ ಮತ್ತಾಯ ಇದ್ದಾನೆ. ರೋಮ್ ಅಧಿಕಾರದ ವ್ಯವಸ್ಥೆಯೊಳಗೆ ಸುಂಕ ವಸೂಲಿಗೆ ಕೂತಿದ್ದವನು, ಜನರ ಕಣ್ಣಲ್ಲಿ ದ್ರೋಹಿ. ಮತಾಭಿಮಾನಿ ಅನ್ನಿಸಿಕೊಂಡ ಸೀಮೋನನೂ ಇದ್ದಾನೆ. ಆ ಹೆಸರು ರೋಮ್ ಆಳ್ವಿಕೆಯನ್ನು ಸಹಿಸದವರ ಕಡೆಯದ್ದು ಅಂತ ಬಹಳ ಜನ ಓದುತ್ತಾರೆ. ಇಬ್ಬರೂ ಒಂದೇ ಬುತ್ತಿ ಹಂಚಿಕೊಂಡು ನಡೆದರು. ಯೇಸು ಸ್ವಾಮಿ ಮೊದಲು ಇವರ ರಾಜಕೀಯ ಸರಿ ಮಾಡಿ ಆಮೇಲೆ ಕರೆಯಲಿಲ್ಲ.

ಹತ್ತಿರದ ಉದಾಹರಣೆಯೂ ಇದೆ. ಜಾರ್ಜ್ ಫರ್ನಾಂಡಿಸ್ ಮಂಗಳೂರಿನ ಕ್ಯಾಥೊಲಿಕ್ ಮನೆಯವರು. ಹುಡುಗನಾಗಿದ್ದಾಗ ಪಾದ್ರಿ ಆಗಲು ಬೆಂಗಳೂರಿನ ಸೆಮಿನರಿಗೆ ಬಂದವರು. ಮುಂದೆ ಸಮಾಜವಾದಿ ಆದರು, ತುರ್ತು ಪರಿಸ್ಥಿತಿಯಲ್ಲಿ 1976ರಲ್ಲಿ ಬಂಧನಕ್ಕೆ ಒಳಗಾದರು. ಅದೇ ಹೊತ್ತಿಗೆ ಮಂಗಳೂರಿನವರೇ ಆದ ಮಾರ್ಗರೇಟ್ ಆಳ್ವ ಕಾಂಗ್ರೆಸ್‌ನಿಂದ ರಾಜ್ಯಸಭೆಯಲ್ಲಿದ್ದರು. ಒಂದೇ ಊರು, ಒಂದೇ ಜಪಮಾಲೆ, ಎದುರುಬದುರು ಸಾಲು. ನಂಬಿಕೆ ಒಂದಾದರೆ ಪಾರ್ಟಿಯೂ ಒಂದಾಗಬೇಕು ಅನ್ನುವುದು ಸತ್ಯವೇದದಲ್ಲೂ ಇಲ್ಲ, ನಮ್ಮ ಚರಿತ್ರೆಯಲ್ಲೂ ಇಲ್ಲ.

'ಹೇಗೆ ವೋಟು ಹಾಕ್ತಾನೆ' ಅನ್ನುವುದನ್ನು ನಮ್ಮಲ್ಲಿ ಹೆಚ್ಚಿನವರು ಬೈಗುಳದ ಹಾಗೆ ಕೇಳುತ್ತೇವೆ. ಅದನ್ನೇ ನಿಜವಾಗಿ ತಿಳಿದುಕೊಳ್ಳಲು ಒಮ್ಮೆ ಕೇಳಿ ನೋಡಿ. ನೀರು, ರೇಷನ್, ರಸ್ತೆ, ಆಸ್ಪತ್ರೆಗೆ ಸಹಾಯ ಮಾಡಿದ ಕ್ಯಾಂಡಿಡೇಟ್, ಹಳೇ ನೋವು, ಮಕ್ಕಳ ಕೆಲಸ. ಒಂದು ವೋಟಿನ ಹಿಂದೆ ಇಷ್ಟೆಲ್ಲ ಇರುತ್ತದೆ.

## ಮನೆಯಲ್ಲಿ, ಫೋನಿನಲ್ಲಿ

"ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಮಾವ ದಿನಾ ರಾಜಕೀಯ ಫಾರ್ವರ್ಡ್ ಹಾಕ್ತಾರೆ. ಸುಮ್ನಿರಬೇಕಾ, ಉತ್ತರ ಕೊಡಬೇಕಾ?"

ಇದಕ್ಕೆ ನನ್ನ ತಪ್ಪಿನಿಂದಲೇ ಉತ್ತರ ಹೇಳಬೇಕು.

2023ರ ಮೇ 13, ವಿಧಾನಸಭೆ ಫಲಿತಾಂಶದ ದಿನ. ನನ್ನ ಸೋದರಮಾವ ನಮ್ಮ ಮನೆಯವರ ಗ್ರೂಪಿನಲ್ಲಿ ಒಂದು ವಿಡಿಯೋ ಹಾಕಿದರು. ಅದು ನನಗೆ ತೀರಾ ಕೆಟ್ಟದ್ದಾಗಿ ಕಂಡಿತು. 'ನಿಮ್ಮಂಥವರಿಂದಲೇ ಸಭೆ ಹಾಳಾಗ್ತಿರೋದು' ಅಂತ ಮೂವತ್ತು ಜನರ ಎದುರು ಬರೆದೆ. ಹತ್ತು ನಿಮಿಷಕ್ಕೆ ಅವರು ಗ್ರೂಪ್ ಬಿಟ್ಟರು. ಅವರ ಹೆಸರಿನ ಪಕ್ಕ ಬಂದ ಆ ಸಣ್ಣ ಸಾಲು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನನ್ನ ಹೈಸ್ಕೂಲ್ ಫೀಸು ಕಟ್ಟಿದ ಮಾವ ಅವರು. ಏಳು ತಿಂಗಳು ನಾವು ಮಾತಾಡಲಿಲ್ಲ.

ಡಿಸೆಂಬರಿನಲ್ಲಿ ಅವರ ಮನೆಗೆ ಹೋದೆ. ಜಗಲಿ ಮೇಲೆ ಅವರೆಕಾಯಿ ರಾಶಿ ಹಾಕಿಕೊಂಡು ಮಾವ ಸುಲಿಯುತ್ತಿದ್ದರು. 'ಬಾ' ಅಂದರು, ಅಷ್ಟೇ. ನಾನೂ ಕೂತು ಸುಲಿಯತೊಡಗಿದೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬೆರಳಿಗೆಲ್ಲ ಸೊಗಡು ಅಂಟಿತ್ತು. ಆಮೇಲೆ ಕೇಳಿದೆ: 'ಮಾವ, ನಾನು ಬರೆದದ್ದು ತಪ್ಪು. ಕ್ಷಮಿಸಿ. ಆದ್ರೆ ಆ ಪಾರ್ಟಿ ಮೇಲೆ ನಿಮಗೆ ಅಷ್ಟು ಅಭಿಮಾನ ಯಾಕೆ ಅಂತ ಗೊತ್ತಾಗಬೇಕು.' ಅವರು ಕಾಯಿ ಸುಲಿಯುತ್ತಲೇ ಹೇಳಿದರು. ಅವರ ಅಪ್ಪ ಎಷ್ಟೋ ವರ್ಷ ಉತ್ತ ಜಮೀನಿಗೆ ಸಾಗುವಳಿ ಚೀಟಿ ಇರಲಿಲ್ಲ. ತಾಲ್ಲೂಕು ಆಫೀಸಿಗೆ ಅಲೆದು ಅಲೆದು ಸಾಕಾಗಿತ್ತು. ಕೊನೆಗೆ ಕೊಡಿಸಿದವರು ಆ ಪಾರ್ಟಿಯ ಒಬ್ಬ ಎಂಎಲ್ಎ. ಆ ಮನೆಯಲ್ಲಿ ಓಡಾಡಿ ಬೆಳೆದವನು ನಾನು, ಇದು ನನಗೆ ಗೊತ್ತೇ ಇರಲಿಲ್ಲ.

ಆ ಪಾರ್ಟಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಮಾವನದ್ದೂ ಬದಲಾಗಿಲ್ಲ. ಈಗ ಅವರು ಏನಾದರೂ ಹಾಕಿದರೆ ನಾನು ಗ್ರೂಪಿನಲ್ಲಿ ಉತ್ತರ ಕೊಡುವುದಿಲ್ಲ. ಫೋನ್ ಮಾಡುತ್ತೇನೆ. ಮೊದಲು ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳುತ್ತೇನೆ, ಆಮೇಲೆ ವಿಷಯಕ್ಕೆ ಬರುತ್ತೇನೆ. ಹಾಕಿದ್ದು ಯಾರಿಗಾದರೂ ನೋವು ಮಾಡುವಂಥ ಸುಳ್ಳಾಗಿದ್ದರೆ ಮಾತ್ರ ಗ್ರೂಪಿನಲ್ಲೇ, ಮಾವನ ಹೆಸರು ಎತ್ತದೆ, 'ಈ ಸುದ್ದಿ ನಿಜ ಅಲ್ಲ, ನಿಜ ಇದು' ಅಂತ ಒಂದೇ ಸಾಲು ಬರೆಯುತ್ತೇನೆ. ಮತ್ತಾಯ 18ರಲ್ಲಿ ಯೇಸು ಸ್ವಾಮಿ ಹೇಳಿದ ಕ್ರಮವೇ ಇದು. ತಪ್ಪು ಮಾಡಿದ ಸಹೋದರನ ಹತ್ತಿರ ಮೊದಲು ಒಬ್ಬನೇ ಹೋಗು ಅಂದಿದ್ದಾರೆ. ನಾನು ಮೊದಲೇ ಮೂವತ್ತು ಜನರನ್ನು ಕರೆದುಕೊಂಡು ಹೋಗಿದ್ದೆ.

"ಸುದ್ದಿ ಪೂರ್ತಿ ನಿಜ ಇರಲಿಕ್ಕಿಲ್ಲ. ಆದ್ರೆ ನಮ್ಮ ಕಡೆಗೆ ಒಳ್ಳೇದಾಗುತ್ತಲ್ಲ, ಫಾರ್ವರ್ಡ್ ಮಾಡಿದ್ರೆ ತಪ್ಪೇನು?"

ತಪ್ಪು. ಹತ್ತು ಆಜ್ಞೆಗಳಲ್ಲಿ ಒಂದು ಸುಳ್ಳುಸಾಕ್ಷಿ ಹೇಳಬಾರದು ಅನ್ನುವುದು. ನಮಗೆ ಲಾಭ ಇದ್ದರೆ ಹೇಳಬಹುದು ಅಂತ ಅಲ್ಲಿ ಎಲ್ಲೂ ಇಲ್ಲ. ಎದುರು ಪಾರ್ಟಿಯವನೂ ಆ ಆಜ್ಞೆ ಹೇಳುವ ನೆರೆಯವನೇ. ಗೊತ್ತಿಲ್ಲದಿದ್ದರೆ ಕಳಿಸಬೇಡಿ. ಕಳಿಸಿ ಆಮೇಲೆ ಸುಳ್ಳು ಅಂತ ಗೊತ್ತಾದರೆ, ಕಳಿಸಿದ ಜಾಗದಲ್ಲೇ ತಪ್ಪಾಯ್ತು ಅಂತ ಬರೆಯಿರಿ. ಸುಮ್ನೆ ಡಿಲೀಟ್ ಮಾಡಿದರೆ ಓದಿದವರ ತಲೆಯಿಂದ ಹೋಗುವುದಿಲ್ಲ.

"ನಮ್ಮ ಯಜಮಾನರು ಒಂದು ಕಡೆ, ನಾನು ಒಂದು ಕಡೆ. ನನ್ನ ವೋಟೂ ಅವರು ಹೇಳಿದವರಿಗೇ ಹಾಕಬೇಕಂತೆ. ವಿಧೇಯಳಾಗಿರೋದು ಅಂದ್ರೆ ಇದೇನಾ?"

ಅಮ್ಮ, ನಿಮ್ಮ ವೋಟು ನಿಮ್ಮದು. ಮತದಾನ ಗುಟ್ಟಾಗಿ ಇರಬೇಕು ಅಂತ ಕಾನೂನೇ ಇದೆ. ಯಾರಿಗೆ ಹಾಕಿದೆ ಅಂತ ಮನೆಯಲ್ಲೂ ಹೇಳಬೇಕಾಗಿಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಹೆಂಡತಿಯರಿಗೆ ಹೇಳುವ ಮೊದಲು, ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅಂತ ಎಲ್ಲರಿಗೂ ಹೇಳಿದೆ. ಆ ವಾಕ್ಯ ಬಿಟ್ಟು ಮುಂದಿನದ್ದನ್ನು ಮಾತ್ರ ಓದುವವರು ನಮ್ಮಲ್ಲಿ ಜಾಸ್ತಿ. ಸಿಟ್ಟು ಬಂದ ದಿನ ಮಲಗುವ ಮೊದಲು ಮಾತಾಡಿಕೊಳ್ಳಿ. ಮಕ್ಕಳ ಎದುರು ಅಪ್ಪನನ್ನು ಹೀಗಳೆಯಬೇಡಿ, ಅವರೂ ನಿಮ್ಮನ್ನು ಹಾಗೆ ಮಾಡದಿರಲಿ. ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ ಅದು ರಾಜಕೀಯ ಭಿನ್ನಾಭಿಪ್ರಾಯ ಅಲ್ಲ. ತಾಳಿಕೊಂಡು ಕೂರಬೇಡಿ, ನೀವು ನಂಬುವ ಒಬ್ಬರಿಗೆ ಇವತ್ತೇ ಹೇಳಿ. ಮಹಿಳಾ ಸಹಾಯವಾಣಿ 181ಕ್ಕೂ ಫೋನ್ ಮಾಡಬಹುದು.

## ಸಭೆಯಲ್ಲಿ

"ನಮ್ಮ ಅಯ್ಯನವರು ಯಾರಿಗೆ ವೋಟು ಹಾಕಬೇಕು ಅಂತ ಪ್ರಸಂಗದಲ್ಲೇ ಹೇಳಿಬಿಟ್ರೆ ಒಳ್ಳೇದಲ್ವಾ? ಒಗ್ಗಟ್ಟಿರುತ್ತೆ."

ಕಾನೂನಿನ ಉತ್ತರ ಮೊದಲು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಧರ್ಮದ ಹೆಸರಲ್ಲಿ ವೋಟು ಕೇಳುವುದು ಭ್ರಷ್ಟ ಚುನಾವಣಾ ನಡವಳಿಕೆ. ಇಂಥವರಿಗೆ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಅಂತ ಹೆದರಿಸುವುದನ್ನೂ ಅದೇ ಸೆಕ್ಷನ್ ಬೇರೆಯಾಗಿ ಹೆಸರಿಸಿ ತಡೆದಿದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು-ಮೂರರ ಬಹುಮತದಲ್ಲಿ, ಇದರಲ್ಲಿ ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮವೂ ಸೇರುತ್ತದೆ ಅಂತ ಹೇಳಿತು. ಧಾರ್ಮಿಕ ಸಂಸ್ಥೆಯ ಜಾಗವನ್ನು ರಾಜಕೀಯ ಪ್ರಚಾರಕ್ಕೆ ಕೊಡಬಾರದು ಅಂತ 1988ರ ಇನ್ನೊಂದು ಕಾಯ್ದೆ ಇದೆ. ಎಲ್ಲ ಧರ್ಮದವರಿಗೂ ಇದು ಒಂದೇ.

ಕಾನೂನು ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಪೀಠದ ಮೇಲೆ ನಿಂತವರಿಗೆ ಕೆಳಗೆ ಕೂತವರು ಎದುರು ಮಾತಾಡುವುದಿಲ್ಲ. ಬೇರೆ ಕಡೆ ವೋಟು ಹಾಕುವ ಅಕ್ಕ ಆ ದಿನ ತಲೆ ತಗ್ಗಿಸಿ ಕೂರುತ್ತಾಳೆ. ಮುಂದಿನ ವಾರ ಬರುವುದಿಲ್ಲ. ಅದು ಒಗ್ಗಟ್ಟಾ?

ಅಯ್ಯನವರು ಹೇಳಬಹುದಾದದ್ದು ಬೇಕಾದಷ್ಟಿದೆ. ವೋಟು ಹಾಕಿ, ದುಡ್ಡು ಸೀರೆ ತಗೊಂಡು ಹಾಕಬೇಡಿ, ವಿಧವೆಯರನ್ನೂ ಬಡವರನ್ನೂ ಪರದೇಶಿಗಳನ್ನೂ ಮರೆಯಬೇಡಿ. ಇಷ್ಟು ಸಾರುವುದಕ್ಕೆ ಪ್ರವಾದಿಗಳ ಪುಸ್ತಕ ತೆರೆದರೆ ಸಾಕು.

"ಎಲೆಕ್ಷನ್ ಆದ ಮೇಲೆ ಸಭೆಯಲ್ಲಿ ಒಬ್ಬರು ನನ್ನ ಕಂಡ್ರೆ ಮುಖ ತಿರುಗಿಸ್ತಾರೆ. ನಾನೇ ಮೊದಲು ಯಾಕೆ ಮಾತಾಡಿಸಬೇಕು?"

ಹಳೇ ಮೈಸೂರು ಕಡೆಯ ನಮ್ಮ ಎಷ್ಟೋ ಸಭೆಗಳು ವೆಸ್ಲಿಯನ್ ಮಿಷನ್ನಿಂದ ಬೆಳೆದು ಬಂದವು. ಆ ಮಿಷನ್ನಿನ ಹೆಸರಲ್ಲಿರುವ ಜಾನ್ ವೆಸ್ಲಿ 1774ರ ಅಕ್ಟೋಬರ್ 6ರಂದು ತಮ್ಮ ದಿನಚರಿಯಲ್ಲಿ ಒಂದು ವಿಷಯ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಆಗ ಚುನಾವಣೆ. ತಮ್ಮ ಸಂಘದಲ್ಲಿ ಮತದ ಹಕ್ಕಿದ್ದವರನ್ನು ಸೇರಿಸಿ ಮೂರು ಮಾತು ಹೇಳಿದರಂತೆ. ಯೋಗ್ಯ ಅನ್ನಿಸಿದವರಿಗೆ ಹಣ, ಬಹುಮಾನ ಏನೂ ತಗೊಳ್ಳದೆ ವೋಟು ಹಾಕಿ. ನೀವು ಯಾರ ವಿರುದ್ಧ ಹಾಕಿದಿರೋ ಅವರ ಬಗ್ಗೆ ಕೆಟ್ಟ ಮಾತಾಡಬೇಡಿ. ಬೇರೆ ಕಡೆ ಹಾಕಿದವರ ಮೇಲೆ ನಿಮ್ಮ ಮನಸ್ಸು ಹರಿತ ಆಗದಂತೆ ನೋಡಿಕೊಳ್ಳಿ. ಇಷ್ಟು ಹಳೇ ಬುದ್ಧಿಮಾತು, ಈ ವರ್ಷಕ್ಕೇ ಹೇಳಿದ ಹಾಗಿದೆ. ಮನಸ್ಸು ಹರಿತ ಆಗೋದು ಅನ್ನುವುದು ಎಷ್ಟು ಸರಿಯಾದ ಮಾತು ಅಲ್ವಾ. ಚಾಕುವಿನ ಹಾಗೆ ದಿನಾ ಸ್ವಲ್ಪ ಸ್ವಲ್ಪ ಮಸೆದುಕೊಳ್ಳುತ್ತೇವೆ, ನಮಗೇ ಗೊತ್ತಾಗುವುದಿಲ್ಲ.

ನೀವೇ ಯಾಕೆ ಮೊದಲು? ಮತ್ತಾಯ 5ರಲ್ಲಿ ಕಾಣಿಕೆ ತಂದವನಿಗೆ ನೆನಪಾಗುವುದು ತನ್ನ ಮೇಲೆ ಸಹೋದರನಿಗೆ ಏನೋ ಬೇಸರ ಇದೆ ಅಂತ. ತಪ್ಪು ಯಾರದ್ದು ಅಂತ ಅಲ್ಲಿ ಕೇಳಿಲ್ಲ. ಕಾಣಿಕೆ ಬಿಟ್ಟು ಹೋಗು ಅಂದಿದೆ. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಪವಿತ್ರ ಭೋಜನಕ್ಕೆ, ಅಂದರೆ ಕರ್ತನ ಮೇಜಿಗೆ, ಮೊದಲು ಸಮಾಧಾನ ಹಂಚುವ ಪದ್ಧತಿ ಇದೆ. ಜೋಡಿಸಿದ ಕೈಗಳನ್ನು ಪಕ್ಕದವರ ಎರಡು ಅಂಗೈಗಳ ನಡುವೆ ಇಡುತ್ತೇವೆ, ಅವರು ಅದನ್ನೇ ಮುಂದಿನವರಿಗೆ ಕೊಡುತ್ತಾರೆ. ಕೇರಳದ ಸುರಿಯಾನಿ ಸಭೆಗಳಿಂದ ಬಂದ ಪದ್ಧತಿ ಅದು. 1950ರಲ್ಲಿ ಸಿ.ಎಸ್.ಐ. ತನ್ನ ಭೋಜನದ ಆರಾಧನಾ ಕ್ರಮ ರೂಪಿಸಿದಾಗ ಅದರೊಳಗೆ ಸೇರಿಸಿಕೊಂಡಿತು. ಮುಂದಿನ ಭೋಜನದ ಭಾನುವಾರ ಅವರ ಪಕ್ಕದ ಬೆಂಚಿನಲ್ಲಿ ಕೂತುಕೊಳ್ಳಿ. ಮಾತು ಹೊಳೆಯದಿದ್ದರೂ ಕೈ ಚಾಚಬಹುದು.

"ದೇಶದ ಎಲೆಕ್ಷನ್ ಬಿಡಿ, ನಮ್ಮ ಚರ್ಚ್ ಕಮಿಟಿ ಎಲೆಕ್ಷನ್ನೇ ಎರಡು ಪಾರ್ಟಿ ಮಾಡಿಬಿಟ್ಟಿದೆ. ಏನು ಮಾಡೋದು?"

ಕೊರಿಂಥದಲ್ಲೂ ಹೀಗೇ ಆಗಿತ್ತು. ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಗುಂಪಾಗಿದ್ದರು. ಪೌಲ ತನ್ನ ಹೆಸರಿನ ಗುಂಪನ್ನೂ ಬಿಡದೆ ಬೈದ. ಅದು ಮುಖ್ಯ. ಎದುರು ಗುಂಪಿಗೆ ಬುದ್ಧಿ ಹೇಳುವುದು ಸುಲಭ, ನಿಮ್ಮ ಗುಂಪಿನವರಿಗೆ ನೀವು ಹೇಳಿ. ಲೆಕ್ಕಪತ್ರ ಎಲ್ಲರ ಮುಂದೆ ಇಡಲಿ ಅಂತ ಕೇಳುವುದು ಜಗಳ ಅಲ್ಲ, ಅದನ್ನು ಕೇಳಿ. ಯಾರ ಮನೆಯ ಸಾವಿಗೆ ಯಾರು ಹೋಗಲಿಲ್ಲ ಅನ್ನುವಷ್ಟರ ಮಟ್ಟಿಗೆ ಒಯ್ಯಬೇಡಿ.

"ನಮಗೆ ಆಗದ ನಾಯಕರಿಗೋಸ್ಕರ ಹೇಗೆ ಪ್ರಾರ್ಥನೆ ಮಾಡೋದು? ಬಾಯಿಗೆ ಬರೋದೇ ಇಲ್ಲ."

ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ ಅರಸರಿಗಾಗಿ, ಅಧಿಕಾರಿಗಳಿಗಾಗಿ ಪ್ರಾರ್ಥಿಸಲು ಹೇಳುತ್ತದೆ. ಆಗಿನ ಅರಸರು ಕ್ರೈಸ್ತರಿಗೆ ಬೇಕಾದವರಾಗಿರಲಿಲ್ಲ. 'ಅವರಿಗೆ ಬುದ್ಧಿ ಕೊಡು' ಅಂತ ಶುರು ಮಾಡಬೇಡಿ. ಅದು ಹಲವು ಸಲ ಕಣ್ಣು ಮುಚ್ಚಿಕೊಂಡು ಬೈಯುವುದೇ ಆಗಿರುತ್ತದೆ. ಅವರ ಆರೋಗ್ಯಕ್ಕೆ, ಅವರ ಮನೆಯವರಿಗೆ, ಅವರು ಇವತ್ತು ಸಹಿ ಹಾಕುವ ಕಾಗದದಿಂದ ಬಡವರಿಗೆ ಒಳ್ಳೇದಾಗಲಿ ಅಂತ ಕೇಳಿ. ಹೆಸರು ಹೇಳಿ ಪ್ರಾರ್ಥಿಸಿ. ನನಗೆ ಒಬ್ಬರ ಹೆಸರು ಬಾಯಿಗೆ ಬರಲು ಸುಮಾರು ಒಂದು ತಿಂಗಳು ಬೇಕಾಯಿತು.

## ಕಷ್ಟದ ಪ್ರಶ್ನೆಗಳು

"ಚರ್ಚ್ ಮೇಲೆ ಕಲ್ಲು ಬಿದ್ದಾಗಲೂ ಪ್ರೀತಿ ಪ್ರೀತಿ ಅಂತ ಸುಮ್ನೆ ಕೂರಬೇಕಾ?"

ಈ ಪ್ರಶ್ನೆ ಕೇಳಿದವರು ಕರಾವಳಿಯವರು. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಹತ್ತಿರದ ಆರಾಧನಾ ಮಠಕ್ಕೆ ದಾಳಿಕೋರರು ನುಗ್ಗಿದರು. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತು. ಆ ಭಾನುವಾರ ನೋಡಿದವರಿಗೆ ಪ್ರೀತಿಯ ಪಾಠ ಹೇಳುವಾಗ ದನಿ ತಗ್ಗಿಸಿಯೇ ಹೇಳಬೇಕು.

ಸುಮ್ನೆ ಕೂರಬೇಕಾಗಿಲ್ಲ. ದೂರು ಕೊಡಿ. ಸಾಕ್ಷಿ ಹೇಳಿ. ವಕೀಲರನ್ನು ಹಿಡಿಯಿರಿ. ಪೌಲ ರೋಮ್ ಚಕ್ರವರ್ತಿ ಕೈಸರನವರೆಗೆ ಮನವಿ ಒಯ್ದವನು. ತಪ್ಪು ಮಾಡಿದವನನ್ನು ಕಾನೂನಿಗೆ ಒಪ್ಪಿಸುವುದಕ್ಕೂ ಪ್ರೀತಿಗೂ ವಿರೋಧ ಇಲ್ಲ.

ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದವರು. ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರದಲ್ಲಿ ಜೀಪಿನೊಳಗೆ ಮಲಗಿದ್ದಾಗ ಅವರನ್ನೂ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ, ಈ ಇಬ್ಬರು ಮಕ್ಕಳನ್ನೂ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಮಗಳನ್ನು ಕರೆದುಕೊಂಡು ತಕ್ಷಣ ಊರು ಬಿಡಲಿಲ್ಲ, ರೋಗಿಗಳ ಸೇವೆ ಮುಂದುವರಿಸಿದರು. ಕೇಸೂ ನಡೆಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ತಾಯಿಯ ಕ್ಷಮೆ ಕೋರ್ಟಿನ ಕೆಲಸಕ್ಕೆ ಅಡ್ಡ ಬರಲಿಲ್ಲ. ಕೋರ್ಟಿನ ಕೆಲಸ ಮುಗಿಯಲಿ, ಆಮೇಲೆ ಕ್ಷಮಿಸೋಣ ಅಂತ ಅವರು ಕಾಯಲೂ ಇಲ್ಲ.

ಬೇಡವಾದದ್ದು ಒಂದಿದೆ. ಸಮಾರ್ಯದ ಒಂದು ಹಳ್ಳಿ ಯೇಸು ಸ್ವಾಮಿಯನ್ನು ಒಳಗೆ ಬಿಡಲಿಲ್ಲ. ಯಾಕೋಬ, ಯೋಹಾನ ಇಬ್ಬರೂ ಆಕಾಶದಿಂದ ಬೆಂಕಿ ಬೀಳಲಿ ಅನ್ನಲಾ ಅಂತ ಕೇಳಿದರು. ಇಡೀ ಹಳ್ಳಿಗೆ! ಯೇಸು ಸ್ವಾಮಿ ಅವರನ್ನೇ ಗದರಿಸಿ ಬೇರೆ ಹಳ್ಳಿಗೆ ನಡೆದರು. ಕಲ್ಲು ಹೊಡೆದವನ ಮೇಲೆ ದೂರು ಕೊಡಿ. ಅವನ ಜಾತಿ, ಅವನ ಧರ್ಮ, ಅವನ ಬೀದಿಯವರ ಮೇಲೆಲ್ಲ ದ್ವೇಷ ಇಟ್ಟುಕೊಳ್ಳಬೇಡಿ. ಆ ಬೀದಿಯಲ್ಲೇ ನಿಮ್ಮ ಮಗುವಿಗೆ ಅಕ್ಷರ ಕಲಿಸಿದ ಟೀಚರ್ ಇರುತ್ತಾರೆ.

"ಚರ್ಚಿಗೆ ರಾಜಕೀಯ ತರಬೇಡಿ ಅಂತಾರೆ. ನಾವು ದಲಿತ ಕ್ರೈಸ್ತರು. ನಮ್ಮ ಬದುಕೇ ರಾಜಕೀಯ, ಎಲ್ಲಿ ಬಿಟ್ಟು ಬರೋಣ?"

ಈ ಪ್ರಶ್ನೆ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಪರಿಶಿಷ್ಟ ಜಾತಿಗಳ ಬಗ್ಗೆ 1950ರ ರಾಷ್ಟ್ರಪತಿ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಅನ್ವಯ ಆಗುತ್ತಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು. ಹಾಗಾಗಿ ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ರಾಜಕೀಯ ಅಂದರೆ ಸಂಜೆ ಟಿವಿ ಚರ್ಚೆ. ಇನ್ನೊಬ್ಬರಿಗೆ ಅದು ಮಗಳ ಕಾಲೇಜ್ ಸೀಟು, ಜಾತಿ ಸರ್ಟಿಫಿಕೇಟು. ಮೊದಲನೆಯವರು 'ಶಾಂತಿ ಇರಲಿ, ಈ ವಿಷಯ ಬೇಡ' ಅಂದಾಗ ಎರಡನೆಯವರ ಬಾಯಿ ಮಾತ್ರ ಮುಚ್ಚುತ್ತದೆ.

ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಊಟ ಮಾಡುತ್ತಿದ್ದವನು, ಅದನ್ನು ಒಪ್ಪದ ಕೆಲವರು ಬಂದರು ಅಂತ ಹೆದರಿ ಎಲೆ ಬಿಟ್ಟು ಎದ್ದ. ಪೌಲ ಎಲ್ಲರ ಎದುರು, ಮುಖಕ್ಕೆ ಮುಖ ಕೊಟ್ಟು ಅವನನ್ನು ಕೇಳಿದ. ಗಲಾತ್ಯದವರ ಪತ್ರದ 2ನೇ ಅಧ್ಯಾಯದಲ್ಲಿದೆ. ಅದೂ ಪ್ರೀತಿಯೇ. ಊಟದಿಂದ ಹೊರಗೆ ಬಿದ್ದವರ ಮೇಲಿನ ಪ್ರೀತಿ ಮೊದಲು, ಪೇತ್ರನ ಮೇಲಿನ ಪ್ರೀತಿಯೂ ಹೌದು. ನಮ್ಮ ಸ್ಮಶಾನಗಳಲ್ಲಿ, ಮದುವೆ ಮಾತುಕತೆಗಳಲ್ಲಿ ಇನ್ನೂ ಜಾತಿ ಕೇಳುವ ನಾವು ಈ ಅಧ್ಯಾಯವನ್ನು ಮೆಲ್ಲಗೆ ಓದಿ ದಾಟಿಬಿಡುತ್ತೇವೆ. ನಿಮ್ಮ ಬದುಕನ್ನು ಹೊರಗೆ ಬಿಟ್ಟು ಬರಬೇಡಿ. ಒಳಗೆ ತನ್ನಿ. ಕೇಳಿಸಿಕೊಳ್ಳುವ ಕೆಲಸ ನಮ್ಮದು.

"ಎರಡೂ ಕಡೆಯವರನ್ನು ಪ್ರೀತಿಸಿ ಅನ್ನೋದು ಹೇಡಿತನ ಅಲ್ವಾ? ಅನ್ಯಾಯವನ್ನ ಅನ್ಯಾಯ ಅನ್ನಬೇಡ್ವಾ?"

ಅನ್ನಬೇಕು. ಎರಡೂ ಕಡೆಯವರನ್ನು ಪ್ರೀತಿಸುವುದಕ್ಕೂ ಎರಡೂ ಕಡೆ ಸರಿ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲಿನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಒಂದು ಪತ್ರ ಬರೆದರು. ಬರೆದದ್ದು ಪೊಲೀಸರಿಗಲ್ಲ. ಪ್ರತಿಭಟನೆಗೆ ಇದು ಸಮಯ ಅಲ್ಲ ಅಂದಿದ್ದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ. ಪತ್ರ ಶುರುವಾಗುವುದು ಅವರನ್ನು ತನ್ನ ಜೊತೆಯ ಧರ್ಮಗುರುಗಳು ಅಂತ ಕರೆದು. ಒಳಗೆ ಒಂದು ಅಕ್ಷರವೂ ಮೆತ್ತಗಿಲ್ಲ. ಕಾಯಿರಿ ಅನ್ನುವ ಮಾತು ಕಪ್ಪು ಜನರಿಗೆ ಎಷ್ಟು ಕ್ರೂರ ಅಂತ ಸಾಲು ಸಾಲಾಗಿ ತೋರಿಸಿದ್ದಾರೆ. ಕೊನೆಯಲ್ಲಿ ಮುಂದೊಂದು ದಿನ ಅವರನ್ನು ಒಬ್ಬೊಬ್ಬರಾಗಿ ಕಾಣುವ ಆಸೆ ಹೇಳಿಕೊಂಡಿದ್ದಾರೆ. ಖಾರ ವಿಷಯಕ್ಕೆ, ಸಂಬೋಧನೆ ಮನುಷ್ಯನಿಗೆ. ನಾವು ಸಾಮಾನ್ಯವಾಗಿ ತಿರುಗಿಸಿ ಮಾಡುತ್ತೇವೆ. ವಿಷಯದ ಬಗ್ಗೆ ಏನೂ ಓದಿರುವುದಿಲ್ಲ, ಮನುಷ್ಯನ ಮೇಲೆ ಮಾತ್ರ ಖಾರ.

ಹೇಡಿತನದ ಪರೀಕ್ಷೆ ನನಗೆ ನಾನೇ ಮಾಡಿಕೊಳ್ಳುವುದು ಹೀಗೆ. ಇದೇ ಮಾತನ್ನು ಅವರ ಮುಂದೆ ಕೂತು ಹೇಳುತ್ತೇನಾ? ಹಿಂದೆ ಮಾತ್ರ ಹೇಳುವಂಥದ್ದಾದರೆ ಅಲ್ಲಿ ನನಗೆ ಧೈರ್ಯವೂ ಇಲ್ಲ, ಪ್ರೀತಿಯೂ ಇಲ್ಲ.

"ಎಷ್ಟು ಪ್ರಯತ್ನಪಟ್ರೂ ಅವರು ಬದಲಾಗಲ್ಲ, ಮಾತೆತ್ತಿದ್ರೆ ಅವಮಾನ ಮಾಡ್ತಾರೆ. ಸ್ವಲ್ಪ ದೂರ ಇದ್ದುಬಿಟ್ರೆ ಪಾಪನಾ?"

ಅಲ್ಲ. ಪೌಲ, ಬಾರ್ನಬ ಒಟ್ಟಿಗೆ ಸುವಾರ್ತೆ ಸಾರಲು ಹೊರಟವರು. ಮಾರ್ಕ ಅನ್ನುವ ಹುಡುಗ ಒಮ್ಮೆ ನಡುವೆಯೇ ಬಿಟ್ಟು ಹೋಗಿದ್ದ. ಮತ್ತೆ ಅವನನ್ನು ಕರೆದುಕೊಂಡು ಹೋಗೋಣ ಅಂತ ಬಾರ್ನಬ, ಬೇಡ ಅಂತ ಪೌಲ. ತೀಕ್ಷ್ಣವಾದ ಜಗಳ ಆಗಿ ಬೇರೆ ಬೇರೆ ದಾರಿ ಹಿಡಿದರು ಅಂತ ಅಪೊಸ್ತಲರ ಕೃತ್ಯಗಳು 15ರಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದೆ. ಬಾರ್ನಬ ಮಾರ್ಕನ ಜೊತೆ ಹಡಗು ಹತ್ತಿ ಕುಪ್ರದ್ವೀಪಕ್ಕೆ ಹೋದ. ಪೌಲ ಸೀಲನ ಜೊತೆ ಸಿರಿಯದ ಕಡೆ ನಡೆದ. ಕೆಲಸ ಎರಡು ಕಡೆಯೂ ನಿಲ್ಲಲಿಲ್ಲ.

ದೂರ ಇರಬೇಕಾಗಿ ಬಂದರೆ ಇರಿ. ಅವರ ಫಾರ್ವರ್ಡ್‌ಗಳನ್ನು ಮ್ಯೂಟ್ ಮಾಡಿ. ರಾಜಕೀಯ ಬಿಟ್ಟು ಬೇರೆ ಮಾತಾಡೋಣ ಅಂತ ನೇರವಾಗಿ ಹೇಳಿ. ಅವರ ಬಗ್ಗೆ ಊರೆಲ್ಲ ಹೇಳಿಕೊಂಡು ಬರಬೇಡಿ. ಅವರ ಮನೆಯಲ್ಲಿ ಕಾಯಿಲೆ, ಸಾವು ಅಂತ ಸುದ್ದಿ ಬಂದರೆ ಹೊರಟುಬಿಡಿ, ಯಾರು ಮೊದಲು ಅಂತ ಲೆಕ್ಕ ಹಾಕಬೇಡಿ.

ಎಷ್ಟೋ ವರ್ಷದ ಮೇಲೆ ಪೌಲ ಜೈಲಿನಿಂದ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಸಣ್ಣಪುಟ್ಟ ಕೋರಿಕೆಗಳಿವೆ. ತ್ರೋವದಲ್ಲಿ ಬಿಟ್ಟು ಬಂದ ನಿಲುವಂಗಿ ತೆಗೆದುಕೊಂಡು ಬಾ. ಪುಸ್ತಕಗಳನ್ನೂ ತಾ. ಚಳಿಗಾಲ ಬರುವ ಮೊದಲೇ ಬಾ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗ ಇದೆ.